ತೊನ್ನು, ಪಥ್ಯ ಮತ್ತು ಪೂರಕ ಮಾತ್ರೆಗಳು: ಓದುಗರ ಪ್ರಶ್ನೆಗೆ ಚರ್ಮವೈದ್ಯರ ಉತ್ತರ

ಕಳೆದ ಸಂಚಿಕೆಯಲ್ಲಿ ತೊನ್ನಿಗೆ ಕೊಡುವ ಬೆಳಕಿನ ಚಿಕಿತ್ಸೆಯ ಬಗ್ಗೆ ಬರೆದಿದ್ದೆ. ಆನಂತರ ಬಂದ ಪತ್ರಗಳಲ್ಲಿ ಚಿಕಿತ್ಸೆಯ ವಿಚಾರ ಕೇಳಿದವರು ಕಡಿಮೆ; ಏನು ತಿನ್ನಬೇಕು, ಏನು ಬಿಡಬೇಕು, ಯಾವ ಮಾತ್ರೆ ನುಂಗಬೇಕು ಎಂದು ಕೇಳಿದವರೇ ಹೆಚ್ಚು. ಹಾಗಾಗಿ ಈ ಸಲದ ಅಂಕಣ ಪೂರ್ತಿಯಾಗಿ ಆಹಾರಕ್ಕೂ ಪೂರಕಗಳಿಗೂ ಮೀಸಲು. ಒಂದೇ ಬಗೆಯ ಪತ್ರಗಳನ್ನು ಒಟ್ಟುಗೂಡಿಸಿ, ಬರೆದವರ ಹೆಸರನ್ನೂ ಊರನ್ನೂ ಬಿಟ್ಟಿದ್ದೇನೆ. ತೊನ್ನು ಎಂಬ ಪದದ ಬದಲು ವಿಟಿಲಿಗೊ ಎಂದೇ ಬರೆಯಬಾರದೇ ಎಂದು ಇಬ್ಬರು ಕೇಳಿದ್ದಾರೆ. ಎರಡೂ ಒಂದೇ ಕಾಯಿಲೆ. ಅಂಟುಜಾಡ್ಯವೂ ಅಲ್ಲದ, ಯಾರ ತಪ್ಪೂ ಅಲ್ಲದ ಒಂದು ಕಾಯಿಲೆಯ ಕನ್ನಡದ ಹೆಸರನ್ನು ಪಿಸುದನಿಯಲ್ಲಿ ಹೇಳುವ ಅಗತ್ಯವಿಲ್ಲವೆಂದು ನಂಬಿರುವುದರಿಂದ ನಾನು ಆ ಪದವನ್ನೇ ಬಳಸುತ್ತೇನೆ.

ಪ್ರಶ್ನೆ: ನನಗೆ 34 ವರ್ಷ. ಎರಡು ವರ್ಷಗಳಿಂದ ಬೆರಳ ತುದಿಗಳಲ್ಲಿಯೂ ತುಟಿಯ ಅಂಚಿನಲ್ಲಿಯೂ ಕೆನ್ನೆಯ ಮೇಲೂ ಬಿಳಿ ಮಚ್ಚೆಗಳಿವೆ. ಮನೆಯ ಹಿರಿಯರ ಮಾತಿನಂತೆ ಹಾಲು, ಮೊಸರು, ಮೊಟ್ಟೆ, ಮೀನು, ಹುಳಿ ಹಣ್ಣುಗಳನ್ನೆಲ್ಲ ಬಿಟ್ಟೆ. ಮೊದಲ ಆರು ತಿಂಗಳು ಮಚ್ಚೆ ಹರಡಲಿಲ್ಲ, ಆಮೇಲೆ ಮತ್ತೆ ಹರಡತೊಡಗಿತು. ಈಗ ತೂಕ 6 ಕಿಲೋ ಇಳಿದಿದೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಅಂಗಾಲು ಜುಮುಗುಡುತ್ತದೆ. ಪಥ್ಯದಲ್ಲಿ ನಾನು ಎಲ್ಲಿ ತಪ್ಪಿದೆ?

ಉತ್ತರ: ನೀವು ಎಲ್ಲಿಯೂ ತಪ್ಪಿಲ್ಲ, ಇಂಥ ಪಥ್ಯ ಹಿಡಿಯಬೇಕಾಗಿಯೇ ಇರಲಿಲ್ಲ. ನಮ್ಮ ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್, ಅದನ್ನು ತಯಾರಿಸುವುದು ಮೆಲನೋಸೈಟ್ ಎಂಬ ಕೋಶಗಳು. ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ, ಅದರಲ್ಲಿಯೂ ಸಿಡಿ8 ಎಂದು ಗುರುತಿಸುವ ಟಿ ಕೋಶಗಳು, ಈ ಮೆಲನೋಸೈಟ್‌ಗಳನ್ನು ವೈರಿಯೆಂದು ಬಗೆದು ಕೊಲ್ಲುವುದರಿಂದ ತೊನ್ನು ಉಂಟಾಗುತ್ತದೆ. ಕೊಲ್ಲಲು ಬಂದ ಕೋಶಗಳು ಇಂಟರ್‌ಫೆರಾನ್ ಗಾಮಾ ಎಂಬ ರಾಸಾಯನಿಕದ ಮೂಲಕ ತಮ್ಮ ಜೊತೆಗಾರರನ್ನು ಮಚ್ಚೆಯಿರುವಲ್ಲಿಗೇ ಕರೆಸಿಕೊಳ್ಳುತ್ತವೆ. 2022ರಲ್ಲಿ ಅಮೆರಿಕದಲ್ಲಿ ತೊನ್ನಿಗೆಂದು ಒಪ್ಪಿಗೆ ಪಡೆದ ರುಕ್ಸೊಲಿಟಿನಿಬ್ ಮುಲಾಮು ತಡೆಯುವುದು ಈ ಕರೆಯನ್ನೇ. ಈ ಇಡೀ ಜಗಳದಲ್ಲಿ ಹಾಲಿನ ಪಾತ್ರವಿಲ್ಲ. ಕುಡಿದ ಹಾಲು ಕರುಳಿನಲ್ಲಿ ಅಮೈನೋ ಆಮ್ಲ, ಸಕ್ಕರೆ, ಕೊಬ್ಬುಗಳಾಗಿ ಒಡೆದುಹೋಗುತ್ತದೆ, ಅದರ ಬಿಳುಪು ರಕ್ತವನ್ನು ಸೇರಿ ಚರ್ಮದವರೆಗೆ ಸಾಗುವುದಿಲ್ಲ.

ತೊನ್ನು ಜಗತ್ತಿನಾದ್ಯಂತ ನೂರಕ್ಕೆ 0.5ರಿಂದ 2ರಷ್ಟು ಜನರಲ್ಲಿ ಕಾಣಿಸುತ್ತದೆ. ಹಾಲು ಕುಡಿಯುವವರಲ್ಲಿಯೂ ಕುಡಿಯದವರಲ್ಲಿಯೂ, ಮೀನು ತಿನ್ನುವವರಲ್ಲಿಯೂ ತಿನ್ನದವರಲ್ಲಿಯೂ ಇದೆ. ತದ್ರೂಪಿ ಅವಳಿಗಳನ್ನು ಪರೀಕ್ಷಿಸಿದಾಗ ಒಬ್ಬರಿಗೆ ತೊನ್ನಿದ್ದರೆ ಇನ್ನೊಬ್ಬರಿಗೂ ಇರುವ ಸಂಭವ ಸುಮಾರು 23 ಪ್ರತಿಶತ ಮಾತ್ರ ಎಂದು ಕಂಡುಬಂದಿದೆ. ಒಂದೇ ವಂಶವಾಹಿ, ಸಾಮಾನ್ಯವಾಗಿ ಒಂದೇ ಅಡುಗೆಮನೆ, ಆದರೂ ನಾಲ್ಕರಲ್ಲಿ ಮೂರು ಜೋಡಿಗಳಲ್ಲಿ ಒಬ್ಬರಿಗಷ್ಟೇ ಮಚ್ಚೆ. ಊಟದ ತಟ್ಟೆಯೇ ಕಾರಣವಾಗಿದ್ದರೆ ಲೆಕ್ಕ ಹೀಗೆ ಬರುತ್ತಿರಲಿಲ್ಲ.

ಹಾಗಿದ್ದರೆ ಮೊದಲ ಆರು ತಿಂಗಳು ಮಚ್ಚೆ ನಿಂತದ್ದು ಹೇಗೆ ಎಂದು ನೀವು ಕೇಳಬಹುದು. ತೊನ್ನಿನ ಸ್ವಭಾವವೇ ಅದು. ಯಾವ ಔಷಧವೂ ಇಲ್ಲದೆ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ, ಸುಮ್ಮನಿದ್ದು ಮತ್ತೆ ಏಳುತ್ತದೆ. ಸುಮ್ಮನಿರುವ ಆ ಅವಧಿಯಲ್ಲಿ ನಾವು ಏನನ್ನು ಬಿಟ್ಟಿದ್ದೆವೋ ಅದಕ್ಕೆ ಕೀರ್ತಿ ಸಲ್ಲುತ್ತದೆ. ಮತ್ತೆ ಎದ್ದಾಗ, ಪಥ್ಯ ಸರಿಯಾಗಿ ಮಾಡಲಿಲ್ಲವೆಂದು ರೋಗಿಯ ಮೇಲೆ ದೂರು ಬೀಳುತ್ತದೆ. ಪಥ್ಯ ಎಂದೂ ಸೋಲದಂತೆ ಏರ್ಪಾಡಾಗಿರುವ ಆಟವಿದು.

ನಿಮ್ಮ ಪತ್ರದಲ್ಲಿ ನನಗೆ ಮಚ್ಚೆಗಿಂತ ಹೆಚ್ಚಿನ ಆತಂಕ ತಂದದ್ದು ಏದುಸಿರು ಮತ್ತು ಅಂಗಾಲಿನ ಜುಮುಜುಮು. ಹಾಲು, ಮೊಟ್ಟೆ, ಮೀನುಗಳನ್ನು ಒಟ್ಟಿಗೆ ಬಿಟ್ಟವರಿಗೆ ಬಿ12 ಜೀವಸತ್ವ ದೊರೆಯುವ ಮುಖ್ಯ ದಾರಿಗಳೆಲ್ಲ ಮುಚ್ಚಿಹೋಗುತ್ತವೆ. ಅದು ಕಡಿಮೆಯಾದರೆ ರಕ್ತಹೀನತೆ ಬರುತ್ತದೆ, ನರಗಳೂ ಕೆಡುತ್ತವೆ. ಅಲ್ಲದೆ ತೊನ್ನಿರುವವರಲ್ಲಿ ಥೈರಾಯ್ಡ್ ಗ್ರಂಥಿಯ ಮೇಲೆ ದೇಹವೇ ದಾಳಿ ಮಾಡುವ ಕಾಯಿಲೆ ಇತರರಿಗಿಂತ ಹೆಚ್ಚು. ಬಿ12 ಹೀರಿಕೊಳ್ಳಲು ಬೇಕಾದ ಜಠರದ ಕೋಶಗಳು ನಾಶವಾಗುವ ಪರ್ನಿಷಿಯಸ್ ಅನೀಮಿಯಾ ಎಂಬ ಕಾಯಿಲೆಯೂ ಹೆಚ್ಚು. ಆದ್ದರಿಂದ ಹಿಮೋಗ್ಲೋಬಿನ್, ಬಿ12, ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಮತ್ತು ಥೈರಾಯ್ಡ್ ಪರೀಕ್ಷೆಗಳನ್ನು ಈ ವಾರವೇ ಮಾಡಿಸಿ. ಬಿಟ್ಟ ಆಹಾರಗಳನ್ನು ಇಂದಿನಿಂದಲೇ ಮತ್ತೆ ಆರಂಭಿಸಿ. ಅಲರ್ಜಿ ಇರುವವರು, ಹಾಲು ಜೀರ್ಣವಾಗದವರು ಅವರವರ ಕಾರಣಕ್ಕೆ ಬಿಡಬೇಕಾದದ್ದನ್ನು ಬಿಡಲಿ. ಅದಕ್ಕೂ ತೊನ್ನಿಗೂ ಸಂಬಂಧವಿಲ್ಲ.

ಪ್ರಶ್ನೆ: ಸಿ ಜೀವಸತ್ವವು ಮೆಲನಿನ್ ಉತ್ಪತ್ತಿಯನ್ನು ತಡೆಯುತ್ತದೆಂದು ಓದಿದೆ. ನಿಂಬೆ, ಕಿತ್ತಳೆಗಳನ್ನು ಬಿಡಬೇಕೇ? ನಿಂಬೆರಸವನ್ನು ಮಚ್ಚೆಗೆ ಹಚ್ಚಿ ಬಿಸಿಲಿಗೆ ಕುಳಿತರೆ ಬಣ್ಣ ಬರುತ್ತದೆಂದು ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ?

ಉತ್ತರ: ಎರಡೂ ಸರಿಯಲ್ಲ. ಮೆಲನಿನ್ ತಯಾರಿಕೆಗೆ ಬೇಕಾದ ಟೈರೋಸಿನೇಸ್ ಎಂಬ ಕಿಣ್ವವನ್ನು ಸಿ ಜೀವಸತ್ವ ಹತ್ತಿಕ್ಕುತ್ತದೆ ಎಂಬುದು ಪ್ರಯೋಗಾಲಯದ ಗಾಜಿನ ಬಟ್ಟಲಿನಲ್ಲಿ ನಿಜ, ಚರ್ಮಕ್ಕೆ ಹಚ್ಚುವ ಗಾಢವಾದ ದ್ರವಗಳಲ್ಲಿಯೂ ಸ್ವಲ್ಪಮಟ್ಟಿಗೆ ನಿಜ. ಆದರೆ ತೊನ್ನಿನಲ್ಲಿ ಕಿಣ್ವ ನಿಧಾನವಾಗಿರುವುದಿಲ್ಲ, ಕೋಶವೇ ಇಲ್ಲವಾಗಿರುತ್ತದೆ. ಹಣ್ಣು ತಿಂದದ್ದರಿಂದ ಮಚ್ಚೆ ಹೆಚ್ಚಿತೆಂಬುದಕ್ಕೆ ಆಧಾರವಿಲ್ಲ. ಆದ್ದರಿಂದ ಧಾರಾಳವಾಗಿ ತಿನ್ನಿ. ನಿಂಬೆರಸ ಹಚ್ಚುವುದು ಮಾತ್ರ ಅಪಾಯ. ಅದರ ಸಿಪ್ಪೆಯಲ್ಲಿಯೂ ರಸದಲ್ಲಿಯೂ ಇರುವ ಕೆಲವು ವಸ್ತುಗಳು ಬಿಸಿಲಿನೊಡನೆ ಸೇರಿ ಚರ್ಮವನ್ನು ಬೊಬ್ಬೆ ಬರುವಂತೆ ಸುಡಬಲ್ಲವು. ತೊನ್ನಿರುವವರಲ್ಲಿ ಗಾಯವಾದ, ಸುಟ್ಟ, ಸದಾ ಉಜ್ಜುವ ಜಾಗದಲ್ಲಿಯೇ ಹೊಸ ಮಚ್ಚೆ ಏಳುವುದುಂಟು.

ಪ್ರಶ್ನೆ: ಬಿ12 ಮತ್ತು ಫೋಲಿಕ್ ಆಮ್ಲದ ಮಾತ್ರೆಗಳನ್ನು ಸೇರಿಸಿ ನುಂಗಿದರೆ ತೊನ್ನು ಗುಣವಾಗುತ್ತದೆಂದು ಪರಿಚಿತರೊಬ್ಬರು ಹೇಳಿದರು. ಪರೀಕ್ಷೆಯಿಲ್ಲದೆ ಆರಂಭಿಸಬಹುದೇ?

ಉತ್ತರ: ನಿಮ್ಮ ಪರಿಚಿತರ ಮಾತಿನ ಮೂಲ 1997ರಲ್ಲಿ ಸ್ವೀಡನ್ನಿನಲ್ಲಿ ಪ್ರಕಟವಾದ ಒಂದು ಅಧ್ಯಯನ. ಅಲ್ಲಿ 100 ಮಂದಿಗೆ ದಿನಕ್ಕೆ ಎರಡು ಸಲ 5 ಮಿ.ಗ್ರಾಂ ಫೋಲಿಕ್ ಆಮ್ಲ ಮತ್ತು 1 ಮಿ.ಗ್ರಾಂ ಬಿ12 ಕೊಟ್ಟು, ಜೊತೆಗೆ ಬಿಸಿಲಿಗೆ ಮೈಯೊಡ್ಡುವಂತೆಯೂ ಹೇಳಲಾಗಿತ್ತು. 52 ಮಂದಿಯಲ್ಲಿ ಬಣ್ಣ ಮರಳಿತು, 64 ಮಂದಿಯಲ್ಲಿ ಹರಡುವಿಕೆ ನಿಂತಿತು. ಕೇಳಲು ಚೆನ್ನಾಗಿದೆ. ಆದರೆ ಮಾತ್ರೆಯಿಲ್ಲದೆ ಬಿಸಿಲಿಗಷ್ಟೇ ಮೈಯೊಡ್ಡಿದವರ ಇನ್ನೊಂದು ಗುಂಪು ಆ ಅಧ್ಯಯನದಲ್ಲಿ ಇರಲಿಲ್ಲ, ಹಾಗಾಗಿ ಬಣ್ಣ ತಂದದ್ದು ಮಾತ್ರೆಯೋ ಬೆಳಕೋ ಎಂದು ಅದರಿಂದ ಬೇರ್ಪಡಿಸಿ ಹೇಳುವಂತಿಲ್ಲ. 2002ರಲ್ಲಿ ನೆದರ್ಲೆಂಡ್ಸ್‌ನಲ್ಲಿ 27 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ನ್ಯಾರೋಬ್ಯಾಂಡ್ ಯುವಿಬಿ ಎಂಬ ಅತಿನೇರಳೆ ಬೆಳಕಿನ ಚಿಕಿತ್ಸೆಯನ್ನಷ್ಟೇ, ಮತ್ತೊಂದಕ್ಕೆ ಅದರೊಡನೆ ಈ ಎರಡು ಜೀವಸತ್ವಗಳನ್ನೂ ಕೊಟ್ಟು ನೋಡಿದರು. ಎರಡು ಗುಂಪುಗಳಿಗೂ ವ್ಯತ್ಯಾಸ ಕಾಣಲಿಲ್ಲ. ಸಣ್ಣ ಅಧ್ಯಯನವೇ, ಒಪ್ಪುತ್ತೇನೆ. ಆದರೆ ಹೋಲಿಕೆಗೆ ಗುಂಪಿದ್ದ 27 ಜನರ ಲೆಕ್ಕವನ್ನು ಹೋಲಿಕೆಯಿಲ್ಲದ 100 ಜನರ ಲೆಕ್ಕಕ್ಕಿಂತ ನಾನು ಹೆಚ್ಚು ನಂಬುತ್ತೇನೆ.

ಪರೀಕ್ಷೆಯಿಲ್ಲದೆ ಆರಂಭಿಸಬಹುದೇ ಎಂಬುದಕ್ಕೆ ನನ್ನ ಉತ್ತರ, ಬೇಡ. ಕಾರಣವನ್ನು ಸ್ವಲ್ಪ ವಿವರಿಸಬೇಕು. ಬಿ12 ಕೊರತೆಯಿರುವವರು ಫೋಲಿಕ್ ಆಮ್ಲವನ್ನು ಮಾತ್ರ ಹೆಚ್ಚಿನ ಪ್ರಮಾಣದಲ್ಲಿ ನುಂಗಿದರೆ ರಕ್ತಹೀನತೆ ಸರಿಹೋದಂತೆ ಕಾಣುತ್ತದೆ, ವರದಿಯ ಕಾಗದ ನೋಡಿ ಎಲ್ಲರೂ ಸಮಾಧಾನಗೊಳ್ಳುತ್ತಾರೆ, ಆದರೆ ಒಳಗೆ ನರಗಳ ಹಾನಿ ಮುಂದುವರಿಯುತ್ತಲೇ ಇರುತ್ತದೆ. ಈ ಕಾರಣಕ್ಕೇ ವಯಸ್ಕರಿಗೆ ಫೋಲಿಕ್ ಆಮ್ಲದ ಸುರಕ್ಷಿತ ಮೇಲ್ಮಿತಿಯನ್ನು ದಿನಕ್ಕೆ 1 ಮಿ.ಗ್ರಾಂ ಎಂದು ಇಟ್ಟಿರುವುದು. ಸ್ವೀಡನ್ನಿನ ಅಧ್ಯಯನದಲ್ಲಿ ಕೊಟ್ಟದ್ದು ಅದರ ಹತ್ತರಷ್ಟು. ಮಾಂಸಾಹಾರ ಸೇವಿಸದವರು, ಸಕ್ಕರೆ ಕಾಯಿಲೆಗೆ ವರ್ಷಗಳಿಂದ ಮೆಟ್‌ಫಾರ್ಮಿನ್ ನುಂಗುವವರು, ಹೊಟ್ಟೆಯ ಆಮ್ಲ ತಗ್ಗಿಸುವ ಮಾತ್ರೆಯನ್ನು ದೀರ್ಘಕಾಲ ಬಳಸುವವರು ಬಿ12 ಪರೀಕ್ಷೆಯನ್ನು ಮಾಡಿಸಲೇಬೇಕು. ಕೊರತೆ ಕಂಡರೆ ಚಿಕಿತ್ಸೆ ಪಡೆಯಿರಿ, ದಣಿವೂ ಜುಮುಜುಮುವೂ ತಗ್ಗುತ್ತವೆ. ಮಚ್ಚೆ ಮಾಯುವ ನಿರೀಕ್ಷೆಯನ್ನು ಮಾತ್ರ ಆ ಮಾತ್ರೆಯ ಮೇಲೆ ಹೊರಿಸಬೇಡಿ.

ಪ್ರಶ್ನೆ: ತೊನ್ನಿರುವ ನನ್ನ ತಮ್ಮನಿಗೆ ಡಿ ಜೀವಸತ್ವ ಕಡಿಮೆಯಿದೆ. ಭಾರಿ ಪ್ರಮಾಣದಲ್ಲಿ ಪ್ರತಿದಿನ ನುಂಗಿದರೆ ಬಣ್ಣ ಮರಳುತ್ತದೆ ಎಂದು ಕೇಳಿ, ವೈದ್ಯರು ವಾರಕ್ಕೊಮ್ಮೆ ಎಂದು ಬರೆದುಕೊಟ್ಟದ್ದನ್ನು ಅವನು ದಿನವೂ ನುಂಗುತ್ತಿದ್ದಾನೆ.

ಉತ್ತರ: ಇಂದೇ ನಿಲ್ಲಿಸಲು ಹೇಳಿ. ರಕ್ತದ ಕ್ಯಾಲ್ಸಿಯಂ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮತ್ತು ಡಿ ಜೀವಸತ್ವದ ಮಟ್ಟವನ್ನು ಪರೀಕ್ಷಿಸಲಿ. ವಾಕರಿಕೆ, ವಿಪರೀತ ಬಾಯಾರಿಕೆ, ಮತ್ತೆ ಮತ್ತೆ ಮೂತ್ರ, ಮಲಬದ್ಧತೆ, ಮಂಕು ಕವಿದಂತಾಗುವುದು, ಇವುಗಳಲ್ಲಿ ಯಾವುದಿದ್ದರೂ ಪರೀಕ್ಷೆಗೆ ನಾಳೆಯವರೆಗೆ ಕಾಯಬೇಡಿ. ಹೆಚ್ಚಾದ ಸಿ ಜೀವಸತ್ವ ಮೂತ್ರದಲ್ಲಿ ಹೊರಟುಹೋಗುತ್ತದೆ. ಡಿ ಹಾಗಲ್ಲ, ಕೊಬ್ಬಿನಲ್ಲಿ ಕುಳಿತುಬಿಡುತ್ತದೆ. ಮಾತ್ರೆ ಬಿಟ್ಟ ಮೇಲೂ ವಾರಗಟ್ಟಲೆ ರಕ್ತದ ಕ್ಯಾಲ್ಸಿಯಂ ಏರುತ್ತಲೇ ಇದ್ದು ಮೂತ್ರಪಿಂಡವನ್ನು ಕೆಡಿಸಬಲ್ಲದು.

ಈ ಸುದ್ದಿಯ ಬೇರು ಬ್ರೆಜಿಲ್‌ನಲ್ಲಿದೆ. 2013ರಲ್ಲಿ ಅಲ್ಲಿ ತೊನ್ನಿರುವ 16 ಮಂದಿಗೆ ಆರು ತಿಂಗಳ ಕಾಲ ದಿನಕ್ಕೆ 35,000 ಐ.ಯು. (ಜೀವಸತ್ವ ಅಳೆಯುವ ಅಂತರರಾಷ್ಟ್ರೀಯ ಮಾನ) ಡಿ ಜೀವಸತ್ವ ಕೊಟ್ಟಾಗ 14 ಮಂದಿಯಲ್ಲಿ ನೂರಕ್ಕೆ 25ರಿಂದ 75ರಷ್ಟು ಬಣ್ಣ ಮರಳಿತೆಂದು ವರದಿಯಾಯಿತು. ಅದನ್ನು ಹಂಚಿಕೊಳ್ಳುವವರು ಹೇಳದೆ ಬಿಡುವ ಮಾತೆಂದರೆ, ಅವರಿಗೆಲ್ಲ ಕ್ಯಾಲ್ಸಿಯಂ ಕಡಿಮೆಯಿರುವ ಆಹಾರವನ್ನೂ ಹೆಚ್ಚು ನೀರನ್ನೂ ಕಟ್ಟುನಿಟ್ಟಾಗಿ ವಿಧಿಸಿ, ವೈದ್ಯರ ನಿಗಾದಲ್ಲಿ ಇಡಲಾಗಿತ್ತು ಎಂಬುದು. ಹೋಲಿಕೆಯ ಗುಂಪು ಇಲ್ಲಿಯೂ ಇರಲಿಲ್ಲ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಸುಮಾರು 600 ಐ.ಯು., ಸುರಕ್ಷಿತ ಮೇಲ್ಮಿತಿ 4,000. ಕೊರತೆ ತುಂಬಲು ಅದಕ್ಕಿಂತ ಹೆಚ್ಚು ಕೊಡುವುದುಂಟು, ಆದರೆ ಅದಕ್ಕೊಂದು ಅವಧಿ ಇರುತ್ತದೆ, ಕೊನೆಯಲ್ಲಿ ಮರುಪರೀಕ್ಷೆ ಇರುತ್ತದೆ. ತೊನ್ನಿರುವವರ ರಕ್ತದಲ್ಲಿ ಡಿ ಕಡಿಮೆಯಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ ನಿಜ. ಮಚ್ಚೆ ಸುಡುತ್ತದೆಂದೋ ಜನ ನೋಡುತ್ತಾರೆಂದೋ ಬಿಸಿಲಿಗೇ ಬಾರದವರಲ್ಲಿ ಅದು ಕಡಿಮೆಯಾಗುವುದು ಸಹಜವೇ. ಕೊರತೆಯನ್ನು ತುಂಬಬೇಕು, ತುಂಬಿದ ಮೇಲೂ ಸುರಿಯುತ್ತಲೇ ಇರಬಾರದು.

ಪ್ರಶ್ನೆ: ವಾರಕ್ಕೆ ಎರಡು ಬಾರಿ ಬೆಳಕಿನ ಚಿಕಿತ್ಸೆ ಪಡೆಯುತ್ತಿದ್ದೇನೆ, ವಯಸ್ಸು 22. ಗಿಂಕ್ಗೊ ಮರದ ಎಲೆಯ ಸಾರ, ಜರೀಗಿಡದ ಸಾರ, ಆಲ್ಫಾ ಲಿಪೋಯಿಕ್ ಆಮ್ಲ ಎಂಬ ಆ್ಯಂಟಿಆಕ್ಸಿಡೆಂಟ್‌ಗಳನ್ನು ಸೇರಿಸಿಕೊಂಡರೆ ಲಾಭವಿದೆಯೇ?

ಉತ್ತರ: ಪೂರಕಗಳ ಪೈಕಿ ಕೊಂಚವಾದರೂ ಮಾತಾಡುವಂಥ ಆಧಾರವಿರುವುದು ನೀವು ಹೆಸರಿಸಿದ ಈ ಮೂರಕ್ಕೇ. ತೊನ್ನಿರುವ ಚರ್ಮದಲ್ಲಿ ಕೋಶಗಳನ್ನು ಘಾಸಿಗೊಳಿಸಿ ಒತ್ತಡಕ್ಕೆ ಸಿಲುಕಿಸುವ ಹೈಡ್ರೋಜನ್ ಪೆರಾಕ್ಸೈಡ್ ಶೇಖರವಾಗಿ, ಅದನ್ನು ಒಡೆಯಬೇಕಾದ ಕ್ಯಾಟಲೇಸ್ ಕಿಣ್ವ ಕಡಿಮೆಯಿರುವುದನ್ನು ಸಂಶೋಧಕರು ಹಿಂದೆಯೇ ಗುರುತಿಸಿದ್ದಾರೆ. ಈ ಒತ್ತಡಕ್ಕೆ ಸಿಕ್ಕ ಮೆಲನೋಸೈಟ್‌ಗಳು ರಕ್ಷಣಾ ವ್ಯವಸ್ಥೆಯ ಕಣ್ಣಿಗೆ ಬೇಗ ಬೀಳುತ್ತವೆ. ಇಂಥ ರಾಸಾಯನಿಕಗಳನ್ನು ತಣಿಸುವ ಆ್ಯಂಟಿಆಕ್ಸಿಡೆಂಟ್ ಕೊಟ್ಟರೆ ಒತ್ತಡ ತಗ್ಗೀತು ಎಂಬುದು ತರ್ಕ.

2003ರಲ್ಲಿ ಚಂಡೀಗಢದ ವೈದ್ಯರು ಗಿಂಕ್ಗೊ ಸಾರವನ್ನು 40 ಮಿ.ಗ್ರಾಂನಂತೆ ದಿನಕ್ಕೆ ಮೂರು ಸಲ ಕೊಟ್ಟು, ಇನ್ನೊಂದು ಗುಂಪಿಗೆ ಔಷಧವಿಲ್ಲದ ಹುಸಿ ಮಾತ್ರೆ ಕೊಟ್ಟು ಹೋಲಿಸಿದರು. ನಿಧಾನವಾಗಿ ಹರಡುವ ಬಗೆಯ ತೊನ್ನಿದ್ದ 47 ಮಂದಿಯ ಫಲಿತಾಂಶ ಲೆಕ್ಕಕ್ಕೆ ಸಿಕ್ಕಿತು. ಗಿಂಕ್ಗೊ ಪಡೆದವರಲ್ಲಿ 20 ಮಂದಿಗೂ ಹುಸಿ ಮಾತ್ರೆ ಪಡೆದವರಲ್ಲಿ 8 ಮಂದಿಗೂ ಹರಡುವಿಕೆ ನಿಂತಿತ್ತು. ಗಮನಿಸಿ, ಏನೂ ಇಲ್ಲದ ಮಾತ್ರೆ ನುಂಗಿದವರಲ್ಲಿಯೂ ಎಂಟು ಮಂದಿಗೆ ನಿಂತಿತು. ಮೊದಲ ಪ್ರಶ್ನೆಯಲ್ಲಿ ಹೇಳಿದ ಸಂಗತಿಯೇ ಇದು. ಮಧ್ಯ ಅಮೆರಿಕದ ಪಾಲಿಪೋಡಿಯಂ ಎಂಬ ಜರೀಗಿಡದ ಸಾರವನ್ನು ಬೆಳಕಿನ ಚಿಕಿತ್ಸೆಯ ಜೊತೆಗೆ 250 ಮಿ.ಗ್ರಾಂನಂತೆ ದಿನಕ್ಕೆ ಮೂರು ಸಲ 50 ಮಂದಿಯಲ್ಲಿ ಪರೀಕ್ಷಿಸಿದ 2007ರ ಅಧ್ಯಯನದಲ್ಲಿ, ತಲೆ ಮತ್ತು ಕುತ್ತಿಗೆಯ ಭಾಗದಲ್ಲಿ ಶೇಕಡಾ 44ರಷ್ಟು ಬಣ್ಣ ಮರಳಿತು, ಹುಸಿ ಮಾತ್ರೆಯಲ್ಲಿ ಶೇಕಡಾ 27. ಆ ವ್ಯತ್ಯಾಸವೂ ಆಕಸ್ಮಿಕವಲ್ಲವೆಂದು ಖಚಿತವಾಗಿ ಹೇಳುವ ಗೆರೆಯನ್ನು ಸ್ವಲ್ಪದರಲ್ಲಿ ಮುಟ್ಟಲಿಲ್ಲ. ಅದೇ ವರ್ಷ ಇಟಲಿಯಲ್ಲಿ ಆಲ್ಫಾ ಲಿಪೋಯಿಕ್ ಆಮ್ಲ ಹಾಗೂ ಸಿ, ಇ ಜೀವಸತ್ವಗಳ ಮಿಶ್ರಣವನ್ನು ಬೆಳಕಿನೊಡನೆ ಕೊಟ್ಟಾಗ, ಮುಕ್ಕಾಲು ಭಾಗಕ್ಕಿಂತ ಹೆಚ್ಚು ಬಣ್ಣ ಮರಳಿದವರು ಶೇಕಡಾ 47, ಬೆಳಕಿನೊಡನೆ ಹುಸಿ ಮಾತ್ರೆ ಪಡೆದವರಲ್ಲಿ ಶೇಕಡಾ 18. ಕೊನೆಯವರೆಗೆ ಉಳಿದವರು 28 ಮಂದಿ.

ಇವೆಲ್ಲ ಆಸೆ ಹುಟ್ಟಿಸುವ ಸಣ್ಣ ಅಧ್ಯಯನಗಳು. ಹಾಗಾಗಿ ನನ್ನ ಬಳಿ ಬರುವವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ಬೆಳಕಿನ ಚಿಕಿತ್ಸೆಯ ಒಂದು ಸರದಿಯನ್ನೂ ತಪ್ಪಿಸದೆ ಪಡೆಯುತ್ತಿದ್ದರೆ, ಮೂರರಲ್ಲಿ ಒಂದನ್ನು ವೈದ್ಯರಿಗೆ ತಿಳಿಸಿ ಆರು ತಿಂಗಳು ಪ್ರಯತ್ನಿಸುವುದಕ್ಕೆ ನನ್ನ ಅಡ್ಡಿಯಿಲ್ಲ. ಚಿಕಿತ್ಸೆಯ ಖರ್ಚನ್ನೋ ಓಡಾಟವನ್ನೋ ಉಳಿಸಲು ಅದರ ಬದಲಿಗೆ ಇವನ್ನು ನುಂಗುವುದು ಸಲ್ಲದು. ರಕ್ತ ತೆಳುಗೊಳಿಸುವ ವಾರ್ಫರಿನ್ ಅಥವಾ ಆಸ್ಪಿರಿನ್ ತೆಗೆದುಕೊಳ್ಳುವವರು, ಶಸ್ತ್ರಕ್ರಿಯೆಗೆ ಸಿದ್ಧರಾಗುತ್ತಿರುವವರು ಗಿಂಕ್ಗೊವನ್ನು ಮುಟ್ಟಬಾರದು, ರಕ್ತಸ್ರಾವದ ಭಯವಿದೆ. ಲಿಪೋಯಿಕ್ ಆಮ್ಲ ರಕ್ತದ ಸಕ್ಕರೆಯನ್ನು ತಗ್ಗಿಸಬಲ್ಲದು. ಖಿನ್ನತೆಗೆಂದು ಮಾರುವ ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ ಚರ್ಮವನ್ನು ಬೆಳಕಿಗೆ ಸೂಕ್ಷ್ಮಗೊಳಿಸುವುದರಿಂದ, ಬೆಳಕಿನ ಪೆಟ್ಟಿಗೆಯೊಳಗೆ ನಿಲ್ಲುವ ನೀವು ಅದರಿಂದ ದೂರವಿರಿ.

ಪ್ರಶ್ನೆ: ಮೆಲನಿನ್ ತಯಾರಾಗಲು ತಾಮ್ರ ಬೇಕು, ಸತುವೂ ಬೇಕು ಎನ್ನುತ್ತಾರೆ. ಎರಡನ್ನೂ ಮಾತ್ರೆಯಾಗಿ ತೆಗೆದುಕೊಳ್ಳಬಹುದೇ?

ಉತ್ತರ: ಕೆಲವು ತಿಂಗಳ ಹಿಂದೆ ಒಬ್ಬರು ಬಟ್ಟೆಯ ಚೀಲದಿಂದ ಒಂದೊಂದಾಗಿ ಡಬ್ಬಿಗಳನ್ನು ತೆಗೆದು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟರು. ಒಟ್ಟು ಏಳು. ಅವನ್ನು ತಿರುಗಿಸಿ, ಹಿಂಬದಿಯ ಸಣ್ಣಕ್ಷರಗಳನ್ನು ಭೂತಗನ್ನಡಿ ಹಿಡಿದು ಇಬ್ಬರೂ ಓದಿದೆವು. ಬಹುಜೀವಸತ್ವದ ಮಾತ್ರೆಯಲ್ಲಿ ಸತು 15 ಮಿ.ಗ್ರಾಂ, ಕೂದಲು ಮತ್ತು ಉಗುರಿಗೆಂದು ಕೊಂಡದ್ದರಲ್ಲಿ 22, ಸತುವಿನದೇ ಮಾತ್ರೆಯಲ್ಲಿ 50. ಕಾಗದದ ಮೇಲೆ ಕೂಡಿದಾಗ ದಿನಕ್ಕೆ 87 ಮಿ.ಗ್ರಾಂ, ವಯಸ್ಕರ ಮೇಲ್ಮಿತಿ 40. ಮೂರೂ ಡಬ್ಬಿಗಳನ್ನು ಬೇರೆ ಬೇರೆ ಕಾರಣಕ್ಕೆ ಕೊಂಡಿದ್ದರಿಂದ ಅವುಗಳಲ್ಲಿ ಒಂದೇ ವಸ್ತುವಿದೆ ಎಂಬುದು ಅವರ ಲಕ್ಷ್ಯಕ್ಕೆ ಬಂದಿರಲಿಲ್ಲ.

ಇದರಲ್ಲಿ ಒಂದು ವ್ಯಂಗ್ಯವಿದೆ. ಟೈರೋಸಿನೇಸ್ ಕಿಣ್ವ ಕೆಲಸ ಮಾಡಲು ತಾಮ್ರ ಬೇಕು, ನಿಜ. ಆದರೆ ತಿಂಗಳುಗಟ್ಟಲೆ ಅತಿಯಾಗಿ ನುಂಗಿದ ಸತು ಕರುಳಿನಲ್ಲಿ ತಾಮ್ರ ಹೀರಿಕೆಯಾಗದಂತೆ ತಡೆಯುತ್ತದೆ. ಬಣ್ಣಕ್ಕೆಂದು ಸತು ನುಂಗಿದವರು ಬಣ್ಣಕ್ಕೆ ಬೇಕಾದ ತಾಮ್ರವನ್ನೇ ಕಳೆದುಕೊಂಡು, ರಕ್ತಹೀನತೆಯನ್ನೂ ನರದೌರ್ಬಲ್ಯವನ್ನೂ ತಂದುಕೊಳ್ಳುವ ಸಾಧ್ಯತೆಯಿದೆ. ಇರಾನಿನಲ್ಲಿ 2011ರಲ್ಲಿ ಸ್ಟಿರಾಯ್ಡ್ ಮುಲಾಮಿನ ಜೊತೆಗೆ ಸತುವನ್ನು ನುಂಗಲು ಕೊಟ್ಟು ನೋಡಿದಾಗ ಸುಧಾರಣೆ ಶೇಕಡಾ 24.7, ಮುಲಾಮಿನಲ್ಲಷ್ಟೇ ಶೇಕಡಾ 21.4, ಹೆಚ್ಚುವರಿ ಲಾಭವೆಂದು ಕರೆಯುವಷ್ಟು ಅಂತರವಲ್ಲ. ತಾಮ್ರವಾದರೋ ದಿನಕ್ಕೆ ಬೇಕಾದದ್ದು 1 ಮಿ.ಗ್ರಾಂಗಿಂತಲೂ ಕಡಿಮೆ. ಕಾಳು, ಬೀಜ, ಇಡೀ ಧಾನ್ಯಗಳಿರುವ ಸಾಧಾರಣ ಊಟದಲ್ಲಿ ಅದು ಸಿಗುತ್ತದೆ. ಹೆಚ್ಚಾದ ತಾಮ್ರ ಯಕೃತ್ತಿಗೆ ಹೊರೆ. ಮೆಲನಿನ್ನಿನ ಕಚ್ಚಾವಸ್ತುವಾದ ಟೈರೋಸಿನ್‌ನ ಕಥೆಯೂ ಇಷ್ಟೇ. ಪ್ರೋಟೀನ್ ಇರುವ ಆಹಾರದಲ್ಲೆಲ್ಲ ಅದಿದೆ, ದೇಹವೂ ತಯಾರಿಸಿಕೊಳ್ಳುತ್ತದೆ. ಕಾರ್ಖಾನೆಯೇ ಉರುಳಿರುವಾಗ ಬಾಗಿಲಲ್ಲಿ ಕಚ್ಚಾವಸ್ತು ಸುರಿದು ಫಲವಿಲ್ಲ.

ಪ್ರಶ್ನೆ: ಎಂಟು ವರ್ಷದ ಮಗಳಿಗೆ ತೊನ್ನಿದೆ. ಬಾವಂಚಿ ಬೀಜದ ಪುಡಿಯನ್ನು ತಿನ್ನಿಸಬಹುದೇ? ಗಿಡಮೂಲಿಕೆಯಾದ್ದರಿಂದ ಅಪಾಯವಿಲ್ಲವೆಂದು ಹೇಳುತ್ತಾರೆ.

ಉತ್ತರ: ತಿನ್ನಿಸಬೇಡಿ. ಬಾವಂಚಿ ಕೆಲಸ ಮಾಡದ ವಸ್ತುವಲ್ಲ, ಬಲವಾಗಿ ಕೆಲಸ ಮಾಡುವ ವಸ್ತು, ಅಪಾಯವಿರುವುದು ಅದಕ್ಕಾಗಿಯೇ. ಅದರಲ್ಲಿರುವ ಸೊರಾಲೆನ್ ಚರ್ಮವನ್ನು ಬಿಸಿಲಿಗೆ ಅತಿಸೂಕ್ಷ್ಮಗೊಳಿಸುತ್ತದೆ. 1940ರ ದಶಕದ ಕೊನೆಯಲ್ಲಿ ಈಜಿಪ್ಟಿನ ಚರ್ಮವೈದ್ಯ ಎಲ್ ಮೊಫ್ತಿ ಇದೇ ಬಗೆಯ ವಸ್ತುವನ್ನು ಅಲ್ಲಿನ ಒಂದು ಕಳೆಗಿಡದಿಂದ ಪಡೆದು ತೊನ್ನಿಗೆ ಬಳಸಿದ ಮೇಲೆ, ಸೊರಾಲೆನ್ ಜೊತೆಗೆ ಯುವಿಎ ಎಂಬ ಅತಿನೇರಳೆ ಬೆಳಕು ಕೊಡುವ ಆಧುನಿಕ ಚಿಕಿತ್ಸೆಗೆ ದಾರಿಯಾಯಿತು. ಆ ಚಿಕಿತ್ಸೆಯಲ್ಲಿ ಮಾತ್ರೆಯ ತೂಕವನ್ನೂ ಬೆಳಕಿನ ಪ್ರಮಾಣವನ್ನೂ ಅಳೆದು ಕೊಡುತ್ತಾರೆ, ನುಂಗಿದ ದಿನವಿಡೀ ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಸುತ್ತಾರೆ, ಸಾಮಾನ್ಯವಾಗಿ 12 ವರ್ಷದೊಳಗಿನ ಮಕ್ಕಳಿಗೆ ಅದನ್ನು ನುಂಗಲು ಕೊಡುವುದಿಲ್ಲ. ಚಮಚದಲ್ಲಿ ಕೊಟ್ಟ ಪುಡಿಯಲ್ಲಿ ಎಷ್ಟು ಸೊರಾಲೆನ್ ಇದೆಯೆಂದು ಅಳೆಯುವವರಿಲ್ಲ, ಶಾಲೆಯ ಆಟದ ಬಯಲಿನ ಬಿಸಿಲನ್ನೂ ಅಳೆಯುವವರಿಲ್ಲ. ಬೊಬ್ಬೆಯೆದ್ದ ಸುಟ್ಟಗಾಯಗಳಲ್ಲದೆ, ಬಾವಂಚಿ ಸೇವಿಸಿದವರಲ್ಲಿ ಯಕೃತ್ತು ಊದಿಕೊಂಡ ವರದಿಗಳೂ ಇವೆ. ನಿಮ್ಮ ಮಗಳ ವಯಸ್ಸಿಗೆ ಹೊಂದುವ ಟ್ಯಾಕ್ರೊಲಿಮಸ್ ಮುಲಾಮು, ನ್ಯಾರೋಬ್ಯಾಂಡ್ ಯುವಿಬಿ ಚಿಕಿತ್ಸೆಗಳಿವೆ, ಚರ್ಮವೈದ್ಯರನ್ನು ಕಾಣಿ.

ಪ್ರಶ್ನೆ: ಮಗನ ಕೆನ್ನೆಯಲ್ಲಿ ತಿಳಿಬಿಳಿಯ ಕಲೆಗಳಿವೆ. ಕ್ಯಾಲ್ಸಿಯಂ ಕೊರತೆಯೇ, ಜಂತುಹುಳುವೇ, ಇಲ್ಲವೇ ತೊನ್ನಿನ ಆರಂಭವೇ?

ಉತ್ತರ: ನೋಡದೆ ತೀರ್ಪು ಕೊಡಲಾರೆ. ಆದರೆ ಅಂಚು ಅಸ್ಪಷ್ಟವಾಗಿದ್ದು, ಮೇಲೆ ಸಣ್ಣ ಹೊಟ್ಟಿದ್ದು, ಪೂರ್ತಿ ಬಿಳುಪಾಗಿರದಿದ್ದರೆ ಅದು ಬಹುಮಟ್ಟಿಗೆ ಪಿಟಿರಿಯಾಸಿಸ್ ಆಲ್ಬಾ, ಒಣಚರ್ಮದ ಮಕ್ಕಳಲ್ಲಿ ಕಾಣುವ ನಿರುಪದ್ರವಿ ಕಲೆ. ಕ್ಯಾಲ್ಸಿಯಂಗೂ ಹುಳುವಿಗೂ ಸಂಬಂಧವಿಲ್ಲ. ತೇವಾಂಶ ಉಳಿಸುವ ಮುಲಾಮು ಹಚ್ಚುತ್ತಿದ್ದರೆ ಕೆಲವು ತಿಂಗಳಲ್ಲಿ ಮಾಸುತ್ತದೆ. ತೊನ್ನಿನ ಮಚ್ಚೆ ಸುಣ್ಣದಂತೆ ಬಿಳುಪು, ಅಂಚು ಸ್ಪಷ್ಟ, ಹೊಟ್ಟು ಇರುವುದಿಲ್ಲ. ಕಲೆಯ ಮೇಲೆ ಸ್ಪರ್ಶ ತಿಳಿಯದಿದ್ದರೆ ಮಾತ್ರ ಅದು ಬೇರೆಯೇ ವಿಚಾರ, ತಡಮಾಡದೆ ತೋರಿಸಿ.

ಪ್ರಶ್ನೆ: ಕೂದಲಿಗೆಂದು ಬಯೋಟಿನ್ ನುಂಗುತ್ತಿದ್ದೇನೆ. ತೊನ್ನಿನ ಕಾರಣಕ್ಕೆ ಮಾಡಿಸಿದ ಥೈರಾಯ್ಡ್ ಪರೀಕ್ಷೆಯಲ್ಲಿ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿದೆ ಎಂದು ಬಂದಿದೆ. ನನಗೆ ಯಾವ ಲಕ್ಷಣವೂ ಇಲ್ಲ.

ಉತ್ತರ: ಥೈರಾಯ್ಡ್ ಮಾತ್ರೆ ಆರಂಭಿಸುವ ಮುನ್ನ ವೈದ್ಯರಿಗೆ ಬಯೋಟಿನ್ ವಿಚಾರ ತಿಳಿಸಿ. ಅನೇಕ ಪ್ರಯೋಗಾಲಯಗಳ ಪರೀಕ್ಷಾ ವಿಧಾನದಲ್ಲಿಯೇ ಬಯೋಟಿನ್ ಒಂದು ಅಂಟಿನಂತೆ ಬಳಕೆಯಾಗುತ್ತದೆ. ರಕ್ತದಲ್ಲಿ ಅದು ವಿಪರೀತವಿದ್ದರೆ ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆಯೆಂದೂ ಥೈರಾಯ್ಡ್ ಹೊರಬಿಡುವ ಟಿ4 ಹೆಚ್ಚೆಂದೂ, ಗ್ರಂಥಿ ಅತಿಯಾಗಿ ಕೆಲಸ ಮಾಡುವವರಲ್ಲಿ ಕಾಣುವಂತೆಯೇ, ಯಂತ್ರ ತಪ್ಪಾಗಿ ಓದುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿಯೇ ಈ ಬಗ್ಗೆ ಎಚ್ಚರಿಸಿದೆ. ದಿನಕ್ಕೆ ಬೇಕಾದ ಬಯೋಟಿನ್ ಸುಮಾರು 30 ಮೈಕ್ರೋಗ್ರಾಂ; ಕೂದಲಿನ ಮಾತ್ರೆಗಳಲ್ಲಿ 5ರಿಂದ 10 ಮಿಲಿಗ್ರಾಂ ಇರುತ್ತದೆ, ಅಂದರೆ ನೂರಾರು ಪಟ್ಟು. ಕನಿಷ್ಠ ಎರಡು ದಿನ ನಿಲ್ಲಿಸಿ, ಪ್ರಮಾಣ ಹೆಚ್ಚಿದ್ದರೆ ವೈದ್ಯರು ಹೇಳಿದಷ್ಟು ದಿನ ನಿಲ್ಲಿಸಿ, ಮತ್ತೆ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಗೋಧಿಯಲ್ಲಿರುವ ಗ್ಲುಟೆನ್ ಬಿಟ್ಟರೆ ತೊನ್ನು ಕಡಿಮೆಯಾಗುತ್ತದೆಯೇ?

ಉತ್ತರ: ಗ್ಲುಟೆನ್ ಬಿಟ್ಟ ಒಬ್ಬ ಯುವತಿಯ ಮುಖದಲ್ಲಿ ಬಣ್ಣ ಮರಳಿದ್ದನ್ನು ವೈದ್ಯರು ವರದಿ ಮಾಡಿದ್ದಾರೆ. ಒಬ್ಬರ ಕಥೆಯಿಂದ ಎಲ್ಲರಿಗೂ ಪಥ್ಯ ವಿಧಿಸಲಾಗದು. ಗ್ಲುಟೆನ್‌ನಿಂದ ಕರುಳು ಕೆಡುವ ಸೀಲಿಯಾಕ್ ಕಾಯಿಲೆಯ ಲಕ್ಷಣಗಳಾದ ದೀರ್ಘಕಾಲದ ಭೇದಿ, ಹೊಟ್ಟೆಯುಬ್ಬರ, ಕಬ್ಬಿಣದ ಮಾತ್ರೆಗೂ ಜಗ್ಗದ ರಕ್ತಹೀನತೆ ಇದ್ದರೆ ರಕ್ತಪರೀಕ್ಷೆ ಮಾಡಿಸಿ. ಗೋಧಿಯನ್ನು ಬಿಟ್ಟ ಮೇಲೆ ಮಾಡಿಸಿದರೆ ಪರೀಕ್ಷೆ ಹುಸಿಯಾಗುತ್ತದೆ, ಬಿಡುವ ಮೊದಲೇ ಮಾಡಿಸಬೇಕು.

ಪ್ರಶ್ನೆ: ಪೂರಕ ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಕನ್ನಡಿಯಲ್ಲಿ ದಿನಕ್ಕೊಂದು ಬಗೆ ಕಾಣುತ್ತದೆ.

ಉತ್ತರ: ಕನ್ನಡಿ ನಂಬಿಕೆಗೆ ಅರ್ಹವಲ್ಲ. ಸುತ್ತಲಿನ ಚರ್ಮ ಬಿಸಿಲಿಗೆ ಕಪ್ಪಾದರೆ ಮಚ್ಚೆ ಹೆಚ್ಚಿದಂತೆ, ಮಾಸಿದರೆ ತಗ್ಗಿದಂತೆ ತೋರುತ್ತದೆ. ತಿಂಗಳಿಗೊಮ್ಮೆ, ಒಂದೇ ಕಿಟಕಿಯ ಪಕ್ಕದಲ್ಲಿ, ದಿನದ ಒಂದೇ ಹೊತ್ತಿನಲ್ಲಿ, ಮಚ್ಚೆಯ ಪಕ್ಕಕ್ಕೆ ಅಳತೆಪಟ್ಟಿಯಿಟ್ಟು ಫೋಟೊ ತೆಗೆಯಿರಿ. ಹೊಸದಾಗಿ ಏನನ್ನಾದರೂ ಆರಂಭಿಸುವುದಿದ್ದರೆ ಒಮ್ಮೆಗೆ ಒಂದನ್ನೇ ಆರಂಭಿಸಿ, ಆ ದಿನಾಂಕವನ್ನು ಬರೆದಿಡಿ. ಎರಡು ಮೂರು ತಿಂಗಳಿಗೆ ಮುನ್ನ ಏನನ್ನೂ ನಿರೀಕ್ಷಿಸಬೇಡಿ.

ಬಣ್ಣ ಮರಳುವಾಗ ಮಚ್ಚೆಯ ನಡುವೆ, ಒಂದೊಂದು ರೋಮದ ಬುಡದಲ್ಲಿ, ಸಾಸಿವೆಗಿಂತ ಸಣ್ಣ ಕಂದು ಚುಕ್ಕೆ ಮೂಡುತ್ತದೆ. ರೋಮದ ಬುಡದಲ್ಲಿ ಅಡಗಿ ಉಳಿದಿದ್ದ ಮೂಲಕೋಶಗಳು ಮೆಲನೋಸೈಟ್‌ಗಳಾಗಿ ಮೇಲೆ ಬರುವುದರ ಗುರುತು ಅದು. ಚುಕ್ಕೆಗಳು ಹಿಗ್ಗಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ರೋಮವೇ ಇಲ್ಲದ ಬೆರಳ ತುದಿ, ತುಟಿ, ಅಂಗೈಗಳಲ್ಲಿಯೂ ರೋಮ ಬೆಳ್ಳಗಾಗಿರುವ ಮಚ್ಚೆಗಳಲ್ಲಿಯೂ ಈ ದಾಸ್ತಾನು ಇಲ್ಲದ್ದರಿಂದ ಬಣ್ಣ ಬರುವುದು ಕಷ್ಟ. ಮೊದಲ ಪತ್ರ ಬರೆದವರು ಇದನ್ನು ಓದುತ್ತಿದ್ದರೆ, ಬೆರಳುಗಳನ್ನು ದಿನವೂ ನೋಡಿ ನೊಂದುಕೊಳ್ಳುವ ಬದಲು ಕೆನ್ನೆಯ ಮಚ್ಚೆಯ ಫೋಟೊ ತೆಗೆಯಲಿ. ಚಿಕಿತ್ಸೆ ಫಲಿಸುತ್ತಿದ್ದರೆ ಮೊದಲ ಚುಕ್ಕೆ ಅಲ್ಲಿಯೇ ಕಾಣಿಸೀತು.